ಗಂಟುಕಟ್ಟಿದ ಹತ್ತಿ ಹಾಸಿಗೆಯನ್ನು ಹಿಂಜಿಸಿ ಮತ್ತೆ ಹೊಲಿಯುವುದು

ಹಾಸಿಗೆ ತಗ್ಗು ಬಿದ್ದರೆ ಮೊದಲು ಒಳಗೇನಿದೆ ನೋಡಿ. ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರಾದರೆ, ಕಂದು ಪುಡಿ ಉದುರತೊಡಗಿದ ಮೇಲೆ ರಿಪೇರಿಯಿಲ್ಲ. ನಾರನ್ನು ಹಿಡಿದಿದ್ದ ರಬ್ಬರೇ ಒಡೆದುಹೋಗಿರುತ್ತದೆ. ಕುಸಿದ ಫೋಮಿಗೂ ಅದೇ ಗತಿ. ಹತ್ತಿಯದನ್ನು ಮಾತ್ರ ಧೈರ್ಯವಾಗಿ ಬಿಚ್ಚಬಹುದು.

ಗವಸು ಬಿಚ್ಚಿ ಒಂದು ಹಿಡಿ ಹತ್ತಿ ಎಳೆದು ನೋಡಿ. ಎಳೆ ಉದ್ದವಾಗಿ ಬಂದರೆ ಹಿಂಜಿಸಬಹುದು, ಅಂದರೆ ಯಂತ್ರಕ್ಕೆ ಕೊಟ್ಟು ಎಳೆ ಬಿಡಿಬಿಡಿ ಮಾಡಿಸಬಹುದು. ಪುಡಿಯಾದರೆ, ಬಣ್ಣಬಣ್ಣದ ಬಟ್ಟೆ ಚೂರು ಕಂಡರೆ ಕೂಲಿ ದಂಡ: ಗಿಡ್ಡ ಎಳೆ ಬೇಗ ಮತ್ತೆ ಗಟ್ಟಿಯಾಗುತ್ತದೆ. ಕಪ್ಪಾದ, ಮುಗ್ಗಲು ವಾಸನೆಯ ಭಾಗ ತೆಗೆದುಹಾಕಿ. ಉಳಿದದ್ದನ್ನು ಚೆನ್ನಾಗಿ ಬಿಸಿಲಿಗೆ ಹಾಕಿ. ತೇವದ ಹತ್ತಿ ಯಂತ್ರದಲ್ಲಿ ಬಿಡಿಬಿಡಿಯಾಗದೆ ಉಂಡೆಕಟ್ಟುತ್ತದೆ. ಮಳೆಗಾಲದಲ್ಲಂತೂ ಈ ಕೆಲಸ ಬೇಡ. ಬೂರುಗದ ಹತ್ತಿಯನ್ನು ಯಂತ್ರಕ್ಕೆ ಕೊಡಲೇಬೇಡಿ, ಅದರ ಎಳೆ ಟೊಳ್ಳು, ಮುರಿದು ಹಾರಿಹೋಗುತ್ತದೆ. ಕೈಯಲ್ಲೇ ಬಿಡಿಸಿ.

6 × 3 ಅಡಿಯ, 4 ಇಂಚು ದಪ್ಪದ ಹಾಸಿಗೆಗೆ ಸುಮಾರು 10–12 ಕಿಲೋ ಹತ್ತಿ ಬೇಕು. ಹಿಂಜಿಸುವ ಮೊದಲೂ ಆಮೇಲೂ ತೂಗಿ. ಧೂಳು ಹೋಗಿ ತೂಕ ಇಳಿದಿರುತ್ತದೆ, ಅಷ್ಟಕ್ಕೆ ಹೊಸ ಹತ್ತಿ ಬೆರೆಸಿ.

ಹೆಚ್ಚಿನವರು ಎಡವುವುದು ಗವಸಿನ ಅಳತೆಯಲ್ಲಿ. ಪಕ್ಕದ ಪಟ್ಟಿಯಿಲ್ಲದ ಚೀಲವಾದರೆ ಉದ್ದಕ್ಕೂ ಅಗಲಕ್ಕೂ ದಪ್ಪದಷ್ಟು ಸೇರಿಸಬೇಕು: 76 × 40 ಇಂಚು, ಹೊಲಿಗೆಯ ಅಂಚು ಬೇರೆ. ಸೇರಿಸದಿದ್ದರೆ ತುಂಬಿದ ಹಾಸಿಗೆ ಮಂಚಕ್ಕಿಂತ ಕಿರಿದಾಗುತ್ತದೆ. ಒತ್ತಾದ ನೇಯ್ಗೆಯ ದಪ್ಪ ಬಟ್ಟೆಯನ್ನೇ ತನ್ನಿ, ಇಲ್ಲವಾದರೆ ಎಳೆ ಹೊರಬರುತ್ತದೆ.

ಗವಸನ್ನು ಒಳಹೊರಗು ಮಾಡಿ ನೆಲಕ್ಕೆ ಹಾಸಿ. ಅದರ ಮೇಲೆ ಹತ್ತಿಯನ್ನು ಪದರಪದರವಾಗಿ ಹರಡಿ, ನಡುವೆ ತುಸು ಹೆಚ್ಚು. ಮೈಭಾರ ಬೀಳುವುದು ಅಲ್ಲಿಗೇ. ಮುಚ್ಚಿದ ತುದಿಯಿಂದ ಎರಡನ್ನೂ ಒಟ್ಟಿಗೆ ಚಾಪೆಯಂತೆ ಸುತ್ತಿ, ಬಾಯಿಯ ಅಂಚನ್ನು ಸುರುಳಿಯ ಮೇಲೆ ಮಗುಚಿ ಬಿಡಿಸುತ್ತಾ ಹೋದರೆ ಹತ್ತಿ ಪದರ ಕೆಡದೆ ಒಳಗೆ ಸೇರುತ್ತದೆ. ಹಿಡಿಹಿಡಿಯಾಗಿ ತುರುಕಿದರೆ ಮೊದಲ ದಿನವೇ ಗಂಟು. ಬಾಯಿ ಹೊಲಿದು, ಕೋಲಿನಿಂದ ಬಡಿದು ಸಮ ಮಾಡಿ.

ಕೊನೆಗೆ ದಬ್ಬಣದಿಂದ ಆರೇಳು ಇಂಚಿಗೊಂದು ಟಾಕು, ಅಂದರೆ ಹಾಸಿಗೆಯ ಆಚೆಬದಿಗೆ ಹಾಯಿಸಿ ಗಂಟುಹಾಕುವ ಹೊಲಿಗೆ. ಹುರಿಮಾಡಿದ ಹತ್ತಿ ದಾರವೇ ಇರಲಿ, ನೈಲಾನಿನ ಗಂಟು ಜಾರುತ್ತದೆ. ಟಾಕು ಸಡಿಲವಾದರೆ ಹತ್ತಿ ಅಂಚಿಗೆ ಸರಿಯುತ್ತದೆ, ತೀರಾ ಬಿಗಿಯಾದರೆ ಬಟ್ಟೆ ಅಲ್ಲೇ ಹರಿಯುತ್ತದೆ. ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಗುಳಿ ಸಾಕು.