ನಿದ್ದೆಯಲ್ಲೂ ನಿಲ್ಲದ ನಾಲಿಗೆ

"ಬಾಯಾಗ ನಾಲಿಗಿ ತಾನ ಕುಣಿತೈತ್ರಿ ಡಾಕ್ಟ್ರ," ಅಂದರು ಅವರು. ಮೂವತ್ತರ ಆಸುಪಾಸಿನ ಲಾರಿ ಡ್ರೈವರ್.

ಚಾಚಿದರೆ ಯಾರ ನಾಲಿಗೆಯಾದರೂ ಸ್ವಲ್ಪ ನಡುಗುತ್ತದೆ. ಅದಕ್ಕೇ ನಾನು ಬಾಯಿ ತೆರೆಸಿ, ನಾಲಿಗೆಯನ್ನು ಒಳಗೇ ಸುಮ್ನೆ ಬಿಡಲು ಹೇಳಿ ಟಾರ್ಚ್ ಹಿಡಿಯುತ್ತೇನೆ. ಅವರ ನಾಲಿಗೆ ತಾಳ ಹಾಕಿದ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿತ್ತು.

ಮೊದಲು ದಾರಿ ತಪ್ಪಿದೆ. ವಾಂತಿಗೆಂದು ಅವರು ಮೆಟೊಕ್ಲೋಪ್ರಮೈಡ್ ನುಂಗಿದ್ದರು. ಆ ಮಾತ್ರೆ ನಾಲಿಗೆಯನ್ನು ಕುಣಿಸುವುದುಂಟು. ಅದನ್ನು ನಿಲ್ಲಿಸಿ ಕಳಿಸಿದೆ. ಎರಡು ವಾರ ಕಳೆದರೂ ಕುಣಿತ ಹಾಗೇ ಇತ್ತು.

"ಮಕ್ಕೊಂಡಾಗೂ ನಿಂದ್ರಂಗಿಲ್ರೀ," ಅಂದರು ಅವರ ಹೆಂಡತಿ. ಫೋನಿನಲ್ಲಿ ವಿಡಿಯೋ ಮಾಡಿ ತನ್ನಿ ಅಂದೆ. ಬಾಯಿ ತೆರೆದು ಮಲಗುವ ಅಭ್ಯಾಸ ಅವರಿಗಿದ್ದದ್ದು ಒಳ್ಳೆಯದೇ ಆಯಿತು! ಮಾತ್ರೆಯಿಂದ ಬಂದ ಕುಣಿತ ಸಾಮಾನ್ಯವಾಗಿ ನಿದ್ದೆಯಲ್ಲಿ ಅಡಗುತ್ತದೆ. ಇದು ಅದೇ ಲಯದಲ್ಲಿ ನಡೆದೇ ಇತ್ತು. ನಿದ್ದೆಯಲ್ಲೂ ನಿಲ್ಲದ ಇಂಥ ಲಯ ಮಿದುಳಿನ ಕಾಂಡದಿಂದ, ಅಂದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗದಿಂದ, ಬರಬಹುದು. ಹಾಗಾದರೆ ಅದನ್ನು ನೋಡಬೇಕು. ಎಂಆರ್‌ಐನಲ್ಲಿ ಅಲ್ಲೇ ಬಿಳಿ ಕಲೆ ಕಂಡಿತು.

ಈ ವಯಸ್ಸಿಗೆ ಅಲ್ಲಿ ಕಲೆ ಯಾಕೆ? ಮತ್ತೆ ಮೊದಲಿಂದ ಕೇಳುತ್ತಾ ಹೋದೆ. ಬಾಯಿಹುಣ್ಣು? ವರ್ಷಗಳಿಂದ ಬಂದು ಹೋಗುತ್ತಿತ್ತಂತೆ. ಉಷ್ಣ ಅಂತ ಜೀರಿಗೆ ನೀರು ಕುಡಿಯುತ್ತಿದ್ದರು. ಕಣ್ಣು ಕೆಂಪಾಗಿದ್ದಕ್ಕೆ ಎರಡು ಸಲ ಡ್ರಾಪ್ಸ್ ಹಾಕಿಸಿಕೊಂಡಿದ್ದರು. ಹೆಂಡತಿ ಹೊರಗೆ ಹೋದ ಮೇಲೆ, ತಲೆ ತಗ್ಗಿಸಿ, ಗುಪ್ತಾಂಗದಲ್ಲೂ ಹುಣ್ಣಾಗಿತ್ತು ಅಂದರು. ಮುಂಗೈಗೆ ಸ್ಟೆರೈಲ್ ಸೂಜಿ ಚುಚ್ಚಿದೆ. 48 ಗಂಟೆಗೆ ಅಲ್ಲೊಂದು ಕೀವಿನ ಗುಳ್ಳೆ ಎದ್ದಿತ್ತು.

ಇದು ಬೆಹ್ಚೆಟ್ ಕಾಯಿಲೆ. ಇದರಲ್ಲಿ ಬರೀ ಸೂಜಿ ಚುಚ್ಚಿದರೂ ಚರ್ಮ ಹಾಗೆ ಕೆರಳುವುದುಂಟು. 1937ರಲ್ಲಿ ಟರ್ಕಿಯ ಚರ್ಮವೈದ್ಯ ಹುಲೂಸಿ ಬೆಹ್ಚೆಟ್ ಬಾಯಿ, ಕಣ್ಣು, ಗುಪ್ತಾಂಗದ ಈ ಮೂರು ತೊಂದರೆಗಳನ್ನು ಒಂದೇ ಕಾಯಿಲೆ ಎಂದು ವಿವರಿಸಿದರು. ನಮ್ಮ ರಕ್ಷಣಾ ವ್ಯವಸ್ಥೆಯೇ ರಕ್ತನಾಳಗಳ ಮೇಲೆ ತಿರುಗಿ ಬಿದ್ದು ಊತ ತರಿಸುತ್ತದೆ. ಕೆಲವರಲ್ಲಿ ಅದು ಮಿದುಳಿಗೂ ಹೋಗುತ್ತದೆ. ನಾಲಿಗೆ ಕುಣಿಯುವುದು ಮಾತ್ರ ಅಪರೂಪ.

ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಕೊಡಬೇಕಿತ್ತು. ಅದಕ್ಕೇ ಮೊದಲು ಕ್ಷಯ, ಹೆಪಟೈಟಿಸ್ ಬಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ನರತಜ್ಞರ ಜೊತೆ ಮಾತಾಡಿ ಐದು ದಿನ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಡ್ರಿಪ್ ಹಾಕಿಸಿದೆ, ದಿನಕ್ಕೆ 1 ಗ್ರಾಂ. ಆಮೇಲೆ ಸ್ಟೆರಾಯ್ಡ್ ಮಾತ್ರೆ, ಜೊತೆಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇನ್ನೊಂದು ಮಾತ್ರೆ ಅಜಥಯೋಪ್ರಿನ್. ಮೂರು ತಿಂಗಳಲ್ಲಿ ಅನ್ನ ಬಾಯಿಂದ ಚೆಲ್ಲುವುದು ನಿಂತಿತು. ದಣಿದ ದಿನ ಈಗಲೂ ಸ್ವಲ್ಪ ಎಳೆಯುತ್ತದಂತೆ. ಹೆಂಡತಿ ಪ್ರತಿ ಸಲ ಬರುವಾಗ ಹೊಸ ವಿಡಿಯೋ ತರುತ್ತಾರೆ, ನಾನು ಕೇಳದಿದ್ದರೂ.