ಬಾತ್‌ಟಬ್ ಕೊಳ್ಳುವ ಮೊದಲು ಅದರಲ್ಲಿ ಒಮ್ಮೆ ಮಲಗಿ ನೋಡಿ

ನಮ್ಮ ಹಿಂದಿನ ಮನೆಯ ಬಾತ್‌ಟಬ್‌ನಲ್ಲಿ ಎರಡು ಬಕೆಟ್, ಒಂದು ಮಾಪು, ಮಳೆಗಾಲ ಬಂದರೆ ಬಟ್ಟೆ ಒಣಗಿಸುವ ಸ್ಟ್ಯಾಂಡು ಇರುತ್ತಿದ್ದವು. ನಾನು ಅದರಲ್ಲಿ ಸ್ನಾನ ಮಾಡಿದ್ದು ಆರೇಳು ಸಲ ಇರಬಹುದು. ಫೋಟೋ ನೋಡಿ ಆರ್ಡರ್ ಮಾಡಿದ್ದು, ತಪ್ಪು ಪೂರ್ತಿ ನನ್ನದೇ. ಐದಡಿ ಉದ್ದ ಅಂತ ಬರೆದಿತ್ತು. ನಾನು ಐದಡಿ ಮೂರಿಂಚು, ಸ್ವಲ್ಪ ಕಾಲು ಮಡಚಿದರೆ ಆಯ್ತಲ್ಲ ಅಂದುಕೊಂಡೆ. ಆ ಐದಡಿ ಹೊರಗಿನ ಅಳತೆ ಅಂತ ಗೊತ್ತಾಗಿದ್ದು ಟಬ್ ಬಂದು, ಟೈಲ್ಸ್ ಕೂತು, ಸಿಮೆಂಟು ಒಣಗಿದ ಮೇಲೆ. ಒಳಗೆ ತಳದಲ್ಲಿ ಇದ್ದದ್ದು ಬರೀ ಮೂರೂವರೆ ಅಡಿ. ಕೂತರೆ ಮಂಡಿ ಗದ್ದಕ್ಕೆ ಬರುತ್ತಿತ್ತು.

ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸುವಾಗ ಹಟ ಹಿಡಿದೆ. ಮೂರು ಶೋರೂಮ್ ಸುತ್ತಿ ಹನ್ನೊಂದು ಟಬ್‌ಗಳಲ್ಲಿ ಮಲಗಿ ಎದ್ದೆ. ಮೊದಲ ಅಂಗಡಿಯಲ್ಲಿ ನಾಚಿಕೆ ಆಯ್ತು, ನಿಜ. ಮೂರನೆಯದರಲ್ಲಿ ಸೇಲ್ಸ್ ಹುಡುಗನೇ ದಿಂಬು ತಂದುಕೊಡಲಾ ಮೇಡಂ ಅಂತ ಕೇಳಿದ.

ಮೊದಲು ಮನೆಯಲ್ಲಿ ಮಾಡಿ ಹೋಗಬೇಕಾದ ಕೆಲಸ. ಟಬ್ ಬರುವ ಜಾಗದಲ್ಲಿ ನೆಲದ ಮೇಲೆ ಹಳೆ ಪೇಪರ್ ಹಾಸಿ, ಇಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು 1500 x 700, 1700 x 750, 1800 x 800 ಮಿಲಿಮೀಟರ್. ಮೂರನ್ನೂ ಬರೆದು ನೋಡಿ, ಪಕ್ಕದಲ್ಲಿ ನಿಂತು ಟವೆಲ್ ಸುತ್ತಿಕೊಳ್ಳೋಕೆ ಜಾಗ ಉಳಿಯುತ್ತಾ, ಬಾಗಿಲು ಪೂರ್ತಿ ತೆರೆಯುತ್ತಾ, ಕಮೋಡ್ ಮುಂದೆ ಕಾಲಿಗೆ ಜಾಗ ಇದೆಯಾ ಅಂತ. ಆಮೇಲೆ ಬಾತ್‌ರೂಮ್ ಬಾಗಿಲು, ಮುಂಬಾಗಿಲು, ಲಿಫ್ಟ್, ಮೆಟ್ಟಿಲ ತಿರುವು, ಎಲ್ಲದರ ಅಳತೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟೋ ಫ್ಲ್ಯಾಟ್‌ಗಳಲ್ಲಿ ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ ಮಾತ್ರ. ಟಬ್ಬನ್ನು ಮಗ್ಗುಲಿಗೆ ತಿರುಗಿಸಿದರೆ ಬಾಗಿಲು ದಾಟಬಹುದು, ಆದರೆ ಒಳಗೆ ಹೋದ ಮೇಲೆ ಅದನ್ನು ನೆಟ್ಟಗೆ ತಿರುಗಿಸೋಕೂ ಜಾಗ ಬೇಕಲ್ವಾ?

ಶೋರೂಮಿಗೆ ಹೋಗುವ ದಿನ ಸೀರೆ ಬೇಡ. ಸಡಿಲವಾದ ಪ್ಯಾಂಟು ಅಥವಾ ಚೂಡಿದಾರ್ ಹಾಕಿ. ಬೆಲ್ಟು, ಬೀಗದ ಕೈ, ಜೇಬಿನ ಫೋನು ಎಲ್ಲ ತೆಗೆದಿಡಿ, ಅಕ್ರಿಲಿಕ್ ಮೇಲೆ ಸುಲಭವಾಗಿ ಗೀರು ಬೀಳುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ತೊಳೆದ ಸಾಕ್ಸ್ ಹಾಕಿ ಹೋದರೆ ಅಂಗಡಿಯವರಿಗೂ ಬೇಜಾರಾಗುವುದಿಲ್ಲ. ವಾರದ ಮಧ್ಯೆ ಬೆಳಿಗ್ಗೆ ಹೋಗಿ, ಭಾನುವಾರ ಬೇಡ. ಟಬ್‌ನಲ್ಲಿ ಯಾರು ಕೂರುತ್ತಾರೋ ಅವರೆಲ್ಲ ಜೊತೆಗೆ ಬರಲಿ. ನಾನು ನಮ್ಮ ಮನೆಯವರನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಅವರು ಆರಡಿ, ನಮ್ಮ ಅತ್ತೆ ಐದಡಿಗೂ ಕಡಿಮೆ, ಮಂಡಿ ನೋವು ಬೇರೆ.

ಈಗ ಮಲಗುವ ವಿಷಯ. ಹತ್ತು ಸೆಕೆಂಡು ಕೂತು ಚೆನ್ನಾಗಿದೆ ಅಂತ ಎದ್ದು ಬರಬೇಡಿ. ಒಂದೊಂದರಲ್ಲೂ ಐದು ನಿಮಿಷ, ಇಷ್ಟವಾದದ್ದರಲ್ಲಿ ಹತ್ತು ನಿಮಿಷ. ಬೆನ್ನು ಪೂರ್ತಿ ಒರಗಿಸಿ, ಕಾಲು ಚಾಚಿ, ಕಣ್ಣು ಮುಚ್ಚಿ. ಮೊದಲ ನಿಮಿಷದಲ್ಲಿ ಎಲ್ಲಾ ಟಬ್ಬೂ ಹಾಯಾಗಿಯೇ ಇರುತ್ತವೆ. ಮೂರನೇ ನಿಮಿಷಕ್ಕೆ ಕತ್ತು ಮಾತಾಡೋಕೆ ಶುರು ಮಾಡುತ್ತದೆ.

ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ, ಇದನ್ನು ನನಗೆ ಯಾವ ಅಂಗಡಿಯವರೂ ಹೇಳಲಿಲ್ಲ. ನೀವು ಮಲಗಿರುವುದು ಒಣ ಟಬ್‌ನಲ್ಲಿ. ನೀರು ತುಂಬಿದರೆ ದೇಹ ಹಗುರಾಗಿ ತೇಲುತ್ತದೆ, ಹಾಗಾಗಿ ಒಣ ಟಬ್‌ನಲ್ಲಿ ಸೊಂಟದ ಮೂಳೆಗೆ ಸ್ವಲ್ಪ ಒತ್ತಿದರೆ ಅದಕ್ಕೇ ಬೇಡ ಅನ್ನಬೇಡಿ, ನೀರಿನಲ್ಲಿ ಅಷ್ಟು ಒತ್ತುವುದಿಲ್ಲ. ಆದರೆ ಕಾಲಿನ ಕಥೆ ಉಲ್ಟಾ. ಒಣ ಟಬ್‌ನಲ್ಲಿ ಬಟ್ಟೆ ತಳಕ್ಕೆ ಹಿಡಿದುಕೊಂಡು ನಿಮ್ಮನ್ನು ಅಲ್ಲೇ ಕೂರಿಸುತ್ತದೆ. ನೀರಿನಲ್ಲಿ ಹಾಗಾಗಲ್ಲ, ಕಾಲು ಮೇಲೆ ಬರುತ್ತದೆ, ಪಾದಕ್ಕೆ ಎದುರು ಗೋಡೆ ಸಿಗದಿದ್ದರೆ ಮೈ ನಿಧಾನಕ್ಕೆ ಕೆಳಗೆ ಜಾರಿ ಗದ್ದ ನೀರಿಗೆ ಬರುತ್ತದೆ. ಅದಕ್ಕೇ ದೊಡ್ಡ ಟಬ್ ತಗೊಂಡರೆ ಆರಾಮು ಅನ್ನುವ ಲೆಕ್ಕ ಕುಳ್ಳಗಿರುವವರಿಗೆ ಸರಿ ಹೋಗುವುದಿಲ್ಲ. ಬೆನ್ನು ಒರಗಿಸಿ ಕೂತಾಗ ಪಾದ ಎದುರು ತುದಿಗೆ ತಾಗಬೇಕು, ಮಂಡಿ ಸ್ವಲ್ಪವೇ ಮಡಚಿರಬೇಕು. 1800ರ ಟಬ್‌ನಲ್ಲಿ ನಮ್ಮ ಮನೆಯವರು ಸುಖವಾಗಿ ಮಲಗಿದರು, ನನ್ನ ಪಾದಕ್ಕೂ ತುದಿಗೂ ಮಧ್ಯೆ ಒಂದು ಗೇಣು ಜಾಗ ಉಳಿದಿತ್ತು. ಕೊನೆಗೆ ಇಬ್ಬರಿಗೂ ಹೊಂದಿದ್ದು 1700. ಅದರಲ್ಲೂ ಎರಡು ಮಾಡೆಲ್ ಪಕ್ಕಪಕ್ಕ ಇದ್ದವು, ಅಳತೆ ಒಂದೇ, ಒಳಗಿನ ಉದ್ದದಲ್ಲಿ ನಾಲ್ಕಿಂಚು ವ್ಯತ್ಯಾಸ, ಯಾಕಂದರೆ ಒಂದರ ಬೆನ್ನಿನ ಇಳಿಜಾರು ಜಾಸ್ತಿ. ಕ್ಯಾಟಲಾಗಿನ ಉದ್ದ ಸುಮ್ನೆ ಓದಬೇಡಿ, ಟೇಪು ಒಳಗೆ ಹಾಕಿ.

ಕತ್ತಿಗೆ ಬರೋಣ. ಟಬ್ಬಿನ ಅಂಚು ನಿಮ್ಮ ಕತ್ತಿನ ಹಿಂದೆ ಎಲ್ಲಿ ತಾಗುತ್ತದೆ ಅಂತ ನೋಡಿ. ಬುರುಡೆಗೆ ತಾಗಿದರೂ ಕಷ್ಟ, ಹೆಗಲಿಗೆ ತಾಗಿದರೂ ಕಷ್ಟ. ಫ್ರೀಸ್ಟ್ಯಾಂಡಿಂಗ್, ಅಂದರೆ ಗೋಡೆಗೆ ಸೇರಿಸದೆ ಒಂಟಿಯಾಗಿ ನಿಲ್ಲಿಸುವ ಟಬ್‌ಗಳ ತೆಳು ಅಂಚು ಫೋಟೋದಲ್ಲಿ ಬಹಳ ಚೆಂದ, ಕತ್ತಿಗೆ ಮಾತ್ರ ಈಳಿಗೆಮಣೆ ಇಟ್ಟ ಹಾಗೆ. ಎರಡೂ ಮೊಣಕೈ ಒಳಗೆ ಇಳಿಸಿ ನೋಡಿ, ಗೋಡೆಗೆ ಒತ್ತಿದರೆ ಅಗಲ ಸಾಲದು. ನಲ್ಲಿ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ಯಾವ ಕಡೆ ಬರುತ್ತದೆ ಅಂತ ಕೇಳಿ ಆ ಕಡೆ ಕೈ ಚಾಚಿ. ನೀರು ಹೋಗುವ ತೂತು ಮಧ್ಯದಲ್ಲಿದ್ದರೆ ಎರಡೂ ಕಡೆ ಒರಗಬಹುದು, ಆದರೆ ಕೂತಾಗ ಅದು ಸರಿಯಾಗಿ ಎಲ್ಲಿಗೆ ಬರುತ್ತದೆ ಅಂತ ಕೂತು ನೋಡಿಯೇ ಗೊತ್ತಾಗಬೇಕು. ಒಂದು ಟಬ್‌ನಲ್ಲಿ ಸರಿಯಾಗಿ ತೊಡೆಯ ಕೆಳಗೇ ಇತ್ತು.

ಆಮೇಲೆ ಆಳ. ಹೊರಗಿನಿಂದ ಎರಡಡಿ ಎತ್ತರ ಇದ್ದರೂ ನೀರು ಅಷ್ಟು ನಿಲ್ಲುವುದಿಲ್ಲ, ಹೆಚ್ಚಾದ ನೀರು ಹೊರಹೋಗುವ ಓವರ್‌ಫ್ಲೋ ತೂತಿನವರೆಗೆ ಮಾತ್ರ ನಿಲ್ಲುತ್ತದೆ. ತಳದಿಂದ ಆ ತೂತಿನವರೆಗೆ ಟೇಪು ಹಿಡಿಯಿರಿ. ಹನ್ನೊಂದು ಹನ್ನೆರಡು ಇಂಚು ಇದ್ದರೆ ಹೊಟ್ಟೆ ಬೆಚ್ಚಗೆ, ಭುಜ ತಣ್ಣಗೆ. ಹದಿನಾಲ್ಕು ಹದಿನೈದು ಇದ್ದರೆ ನೆಮ್ಮದಿ. ನಾನು ಕೂತುಕೊಂಡು ತೂತಿನ ಮಟ್ಟ ಎದೆಯ ಮೇಲೆ ಎಲ್ಲಿಗೆ ಬರುತ್ತದೆ ಅಂತ ಬೆರಳಿಟ್ಟು ತೋರಿಸಿದೆ, ಸೇಲ್ಸ್ ಹುಡುಗ ಅದನ್ನು ಮೊದಲ ಸಲ ನೋಡಿದ ಹಾಗೆ ನೋಡಿದ.

ಏಳುವುದು, ಇಳಿಯುವುದು. ಇದನ್ನು ಅತ್ತೆಯಿಂದಲೇ ಕಲಿತೆ. ಅವರು ಒಳಗೆ ಕಾಲಿಡುವುದಿರಲಿ, ಮೊದಲು ಅಂಚಿನ ಮೇಲೆ ಕೂತರು. ಅಂಚು ಅಗಲ ಇದ್ದರೆ ಕೂತು, ಒಂದೊಂದೇ ಕಾಲು ಒಳಗೆ ತಿರುಗಿಸಬಹುದು. ಕೂರೋಕೆ ಆಗದ ಅಂಚು ವಯಸ್ಸಾದವರಿಗೆ ಆಗಿಬರುವುದಿಲ್ಲ. ಇಳಿದ ಮೇಲೆ ಏನೂ ಹಿಡಿಯದೆ ಎದ್ದು ನೋಡಿ, ಆಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲೇ ಗೋಡೆಗೆ ಹಿಡಿಕೆ ಬರಬೇಕು. ಆ ಜಾಗವನ್ನು ಫೋಟೋ ತೆಗೆದುಕೊಳ್ಳಿ, ಪ್ಲಂಬರ್‌ಗೆ ಬಾಯಲ್ಲಿ ಹೇಳಿದರೆ ಮರೆಯುತ್ತಾನೆ. ಶೋರೂಮಿನಲ್ಲಿ ಟಬ್ ನೆಲದ ಮೇಲೆ ಇರುತ್ತದೆ, ನಿಮ್ಮ ಮನೆಯಲ್ಲಿ ಕೆಳಗೆ ಕಟ್ಟೆ ಬಂದರೆ ಅಂಚು ಇನ್ನೂ ಮೇಲೆ ಹೋಗುತ್ತದೆ. ಆ ಲೆಕ್ಕ ಸೇರಿಸಿ.

ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. "ಏನಪ್ಪಾ, ಎಣ್ಣೆ ಹಚ್ಚಿಕೊಂಡು ಕೂತರೆ ಜಾರಲ್ವಾ?" ಹುಡುಗ ಸುಮ್ಮನಾದ. ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು, ಮಾರನೇ ದಿನ ಎಣ್ಣೆ ಸ್ನಾನ ಮಾಡುವ ಮನೆ ನಮ್ಮದು. ನಯವಾದ ಅಕ್ರಿಲಿಕ್ ಮೇಲೆ ಎಣ್ಣೆ ಬಿದ್ದರೆ ಕಾಲಿಡೋಕೆ ಆಗುವುದಿಲ್ಲ. ಹಾಗಾಗಿ ಬ್ಯಾಗಿನಲ್ಲಿ ಒಂದು ಚಿಕ್ಕ ಬಾಟಲಿ ನೀರು ಇಟ್ಟುಕೊಂಡು ಹೋಗಿ, ಕೇಳಿಕೊಂಡು ತಳದ ಮೇಲೆ ಸ್ವಲ್ಪ ಸುರಿದು ಅಂಗೈಯಿಂದ ಉಜ್ಜಿ ನೋಡಿ. ಕೆಲವು ಟಬ್‌ಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಎಣ್ಣೆ ಸ್ನಾನಕ್ಕೆ ನಾವು ಪಕ್ಕದಲ್ಲಿ ಮಣೆ, ಬಕೆಟ್ಟು ಇಡುವ ಜಾಗವನ್ನೂ ಉಳಿಸಿಕೊಂಡೆವು, ಅದು ಬೇರೆ ಮಾತು.

ಗಟ್ಟಿತನ ನೋಡೋಕೆ ದೊಡ್ಡ ವಿದ್ಯೆ ಬೇಡ. ಒಳಗೆ ನಿಂತು ಹಿಮ್ಮಡಿಯಿಂದ ತಳ ಒತ್ತಿ. ತಳ ಕುಗ್ಗಿದರೆ, ಕಟಕಟ ಅಂದರೆ ಬಿಟ್ಟುಬಿಡಿ. ಗೆಣ್ಣಿನಿಂದ ಗೋಡೆ ಬಡಿದರೆ ಖಾಲಿ ಡಬ್ಬದ ಸದ್ದು ಬರಬಾರದು. ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ, ಹಿಂಬದಿಗೆ ಫೈಬರ್ ಪದರ ಎಲ್ಲಾ ಕಡೆ ಸಮವಾಗಿ ಬಿದ್ದಿದೆಯಾ, ಕಾಲುಗಳ ಕೆಳಗೆ ಚೌಕಟ್ಟು ಇದೆಯಾ ಅಂತ. ನೀರು ಚಿಮ್ಮಿಸುವ ಜಕೂಜಿ ತರಹದ್ದು ಬೇಕಿದ್ದರೆ ನೀರು ತುಂಬಿದ ಟಬ್‌ನಲ್ಲಿ ಮೋಟರ್ ಹಾಕಿಸಿ ಸದ್ದು ಕೇಳಿ, ಅದನ್ನು ರಿಪೇರಿ ಮಾಡೋಕೆ ಕೈ ಹಾಕುವ ಕಿಂಡಿ ಯಾವ ಕಡೆ ಬರುತ್ತದೆ ಅಂತ ಕೇಳಿ, ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಕನೆಕ್ಷನ್ ಬೇಡ. ಬಣ್ಣದ ಬಗ್ಗೆ ಒಂದೇ ಮಾತು, ಬೋರ್‌ವೆಲ್ ನೀರಿನ ಮನೆಗೆ ಕಪ್ಪು ಟಬ್ ಬೇಡ, ಬಿಳಿ ಕಲೆ ಉಜ್ಜಿ ಉಜ್ಜಿ ಕೈ ಸೋಲುತ್ತದೆ.

ಕಾಸ್ಟ್ ಐರನ್ ಟಬ್‌ನಲ್ಲೂ ಮಲಗಿದೆ. ಮುಟ್ಟಿದರೆ ತಣ್ಣಗೆ, ರಾಜಗಾಂಭೀರ್ಯ. ಬಿಸಿಯಾದ ಮೇಲೆ ಬಹಳ ಹೊತ್ತು ಬಿಸಿ ಹಿಡಿದಿಡುತ್ತದೆ. ಆದರೆ ಖಾಲಿ ಟಬ್ಬೇ ನೂರು ಕಿಲೋ ದಾಟುತ್ತದೆ, ಅಕ್ರಿಲಿಕ್ ಆದರೆ ಮೂವತ್ತರಿಂದ ಐವತ್ತು. ಭಾರದ ಲೆಕ್ಕ ಅಂಗಡಿಯಲ್ಲೇ ಮಾಡಿ. 200 ಲೀಟರ್ ನೀರು ಅಂದರೆ 200 ಕಿಲೋ, 70 ಕಿಲೋದ ಮನುಷ್ಯ, 40 ಕಿಲೋದ ಟಬ್, ಒಟ್ಟು 310. ಇದು ಕೂರುವ ಜಾಗ 1.7 x 0.75 ಮೀಟರ್, ಅಂದರೆ ಸುಮಾರು 1.28 ಚದರ ಮೀಟರ್. ಚದರ ಮೀಟರಿಗೆ 240 ಕಿಲೋ ಮೇಲೆ ಆಯ್ತು. ಮನೆಯ ಬಾತ್‌ರೂಮಿಗೆ ಐಎಸ್ 875 ಅನ್ನುವ ಭಾರತೀಯ ಮಾನದಂಡ ಹೇಳುವ ಲೈವ್ ಲೋಡ್, ಅಂದರೆ ಜನ, ಸಾಮಾನಿನ ಭಾರ, ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದಾಜು 200 ಕಿಲೋ. ಆ ಲೆಕ್ಕ ಇಡೀ ನೆಲಕ್ಕೆ ಹರಡಿದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಆದ ಕೂಡಲೇ ಸ್ಲ್ಯಾಬ್ ಬೀಳುತ್ತೆ ಅಂತಲ್ಲ. ಆದರೂ ಮಹಡಿ ಮನೆ ಆದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಒಂದು ಸಲ ತೋರಿಸಿ. ಮೇಸ್ತ್ರಿ "ಏನಾಗಲ್ಲ ಬಿಡಿ" ಅಂದರೆ ಅದು ಲೆಕ್ಕ ಅಲ್ಲ. ಟಬ್ ಇಷ್ಟವಾದ ಮೇಲೂ ಕಾಸ್ಟ್ ಐರನ್ ಬಿಟ್ಟಿದ್ದು ಇದಕ್ಕೇ.

ಲೀಟರ್ ಕೇಳುವಾಗ ಮನುಷ್ಯ ಕೂತ ಲೆಕ್ಕವೋ, ಖಾಲಿ ಟಬ್ಬಿನ ಲೆಕ್ಕವೋ ಅಂತ ಕೇಳಿ. ನೀವು ಕೂತರೆ ಐವತ್ತು ಅರವತ್ತು ಲೀಟರ್ ಜಾಗ ನಿಮ್ಮ ಮೈಯೇ ತುಂಬುತ್ತದೆ. ನಮ್ಮದಕ್ಕೆ ಸುಮಾರು 180 ಲೀಟರ್ ನೀರು ಬೇಕು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವ ಲೆಕ್ಕ ಇದೆ, ಒಂದು ಟಬ್ ಸ್ನಾನ ಅದನ್ನು ದಾಟಿತು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ತಾನೆ? ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಬಂತು, ಆದರೂ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಅಪಾರ್ಟ್‌ಮೆಂಟಿನಲ್ಲಿ ಕೂತು ಟಬ್ ತುಂಬಿಸೋಕೆ ಮನಸ್ಸು ಬರುವುದಿಲ್ಲ. ನಾವು ತಿಂಗಳಿಗೆ ಎರಡು ಸಲ ಅಂತ ಇಟ್ಟುಕೊಂಡಿದ್ದೇವೆ, ಉಳಿದ ನೀರು ಬಕೆಟ್ಟಿನಲ್ಲಿ ಕಮೋಡಿಗೆ. ಅಷ್ಟಕ್ಕೆ ಟಬ್ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಆಸೆ ಅಷ್ಟೇ.

ಬಿಸಿನೀರು ಮರೆಯಬೇಡಿ. ನಲ್ಲಿಯ ನೀರು 25 ಡಿಗ್ರಿ, ನಿಮಗೆ ಬೇಕಾದದ್ದು 40, ಗೀಸರ್ ಕೊಡುವುದು 65 ಅಂತಿಟ್ಟುಕೊಂಡರೆ 180 ಲೀಟರ್‌ಗೆ ಹತ್ತಿರ ಹತ್ತಿರ 70 ಲೀಟರ್ ಬಿಸಿನೀರು ಬೇಕು. 25 ಲೀಟರ್ ಗೀಸರ್ ಇಟ್ಟುಕೊಂಡು ಟಬ್ ತುಂಬಿಸೋಕೆ ಹೋದರೆ ಎರಡನೇ ಸಲ ಕಾಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಹಳೆ ಟಬ್ ಬಕೆಟ್ ಇಡೋ ಜಾಗ ಆಗಿದ್ದರಲ್ಲಿ ಇದರ ಪಾಲೂ ಇತ್ತು. ಸೋಲಾರ್ ಇದ್ದರೆ ಸುಲಭ. ಗ್ಯಾಸ್ ಗೀಸರ್ ಹಾಕಿಸುವುದಾದರೆ ಬಾತ್‌ರೂಮ್ ಒಳಗೆ ಖಂಡಿತ ಬೇಡ, ಗಾಳಿಯಾಡುವ ಹೊರಗಿನ ಜಾಗದಲ್ಲಿರಲಿ. ಮುಚ್ಚಿದ ಬಾಗಿಲ ಹಿಂದೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜನ ಸತ್ತಿದ್ದಾರೆ, ಟಬ್‌ನಲ್ಲಿ ಅರ್ಧ ಗಂಟೆ ಮಲಗುವವರಿಗೆ ಅಪಾಯ ಇನ್ನೂ ಜಾಸ್ತಿ.

ಇಷ್ಟವಾದ ಮಾಡೆಲ್ ಸಿಕ್ಕಿದ ದಿನವೇ ದುಡ್ಡು ಕಟ್ಟಬೇಡಿ. ಮಾಡೆಲ್ ನಂಬರ್, ನೀರು ಹೋಗುವ ತೂತು ಎಡಕ್ಕೋ ಬಲಕ್ಕೋ, ಒಳ ಉದ್ದ, ಓವರ್‌ಫ್ಲೋ ಎತ್ತರ ಬರೆದುಕೊಂಡು ಬಂದು ಪ್ಲಂಬರ್‌ಗೆ ತೋರಿಸಿ. ಆಮೇಲೆ ಅವನ್ನೇ ಬಿಲ್ಲಿನಲ್ಲೂ ಬರೆಸಿ. ಎಡ ಬಲ ಅದಲು ಬದಲಾಗಿ ಬರುವುದು ನೀವು ಅಂದುಕೊಂಡಷ್ಟು ಅಪರೂಪ ಅಲ್ಲ, ಯಾವ ಕಡೆ ನಿಂತು ನೋಡಿ ಎಡ ಅನ್ನುತ್ತಿದ್ದಾರೆ ಅಂತಲೂ ಕೇಳಿ.

ಟಬ್ ಮನೆಗೆ ಬಂದ ಮೇಲೆ, ಪಕ್ಕದ ಗೋಡೆ ಮುಚ್ಚುವ ಮೊದಲೇ ಪೈಪ್ ಜೋಡಿಸಿ, ಓವರ್‌ಫ್ಲೋವರೆಗೆ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಒಣ ಪೇಪರ್ ಹಾಸಿ, ಸ್ವಲ್ಪ ನೀರು ಬಿಟ್ಟು, ಪೇಪರ್ ಒದ್ದೆ ಆಯ್ತಾ ನೋಡಿ. ಟೈಲ್ಸಿಗೂ ಟಬ್ಬಿಗೂ ಮಧ್ಯೆ ಸಿಲಿಕೋನ್ ಹಾಕುವಾಗಲೂ ಟಬ್ ತುಂಬಿಯೇ ಇರಲಿ. ಖಾಲಿ ಟಬ್ಬಿಗೆ ಹಾಕಿದರೆ ಆಮೇಲೆ ನೀರಿನ ಭಾರಕ್ಕೆ ಅಂಚು ಕೂದಲೆಳೆಯಷ್ಟು ಇಳಿದು ಸಂದು ಬಿಡುತ್ತದೆ. ನಮ್ಮ ಪ್ಲಂಬರ್ ನಗುತ್ತಿದ್ದ, ಆದರೂ ನಾನು ಹಿಂದಿನ ರಾತ್ರಿಯ ನೀರನ್ನು ಪೂರ್ತಿ ಬಿಡದೆ ಹಾಗೇ ಇಡಿಸಿ ಸಿಲಿಕೋನ್ ಹಾಕಿಸಿದೆ.