ಮಲೆನಾಡಿನ ಮನೆಯಲ್ಲಿ ಹಾರ್ವರ್ಡ್ ಕ್ಲಾಸಿಕ್ಸ್ ಕಾಪಾಡಿ ಓದುವ ಬಗೆ

ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಯ ಹಳೆಯ ಬೀರುವಿನಿಂದ ಜಗತ್ತಿನ ಹೆಸರಾಂತ ಕೃತಿಗಳನ್ನು ಇಂಗ್ಲಿಷಿನಲ್ಲಿ ಒಟ್ಟುಗೂಡಿಸಿದ ಹಾರ್ವರ್ಡ್ ಕ್ಲಾಸಿಕ್ಸ್ ಮಾಲೆ ನಿಮ್ಮ ಪಾಲಿಗೆ ಬಂದರೆ, ಮೊದಲು ಸಂಪುಟಗಳನ್ನು ಎಣಿಸಿಕೊಳ್ಳಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ಸಂಪಾದಿಸಿದ ಈ ಮಾಲೆಯ 50 ಸಂಪುಟಗಳು 1909–10ರಲ್ಲಿ ಹೊರಬಂದವು. ಉಪನ್ಯಾಸಗಳ 51ನೆಯ ಸಂಪುಟ ಅನಂತರ ಸೇರಿತು. ಇಡೀ ಮಾಲೆಯ ವಿಷಯಸೂಚಿಯೂ ಓದಿನ ಮಾರ್ಗದರ್ಶಿಯೂ 50ನೆಯ ಸಂಪುಟದಲ್ಲಿರುವುದರಿಂದ ಅದೊಂದು ಇದೆಯೇ ಎಂದು ತಪ್ಪದೆ ನೋಡಬೇಕು.

ನಮ್ಮ ಕಡೆ ಈ ಪುಸ್ತಕಗಳ ದೊಡ್ಡ ಶತ್ರು ಮಳೆಗಾಲದ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಮನೆಯಲ್ಲಿ, ಹೊರಗೋಡೆಗೆ ಒತ್ತಿ ಇಟ್ಟ ಬೀರುವಿನೊಳಗೆ ಗಾಳಿಯಾಡದೆ ಬಟ್ಟೆಯ ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಟನ್ನು ತಿನ್ನುವ ಬೆಳ್ಳಿಮೀನು ಹುಳುಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಬೀರುವನ್ನು ಒಳಗೋಡೆಯ ಬದಿಗೆ, ನಾಲ್ಕು ಬೆರಳಷ್ಟು ಜಾಗ ಬಿಟ್ಟು ನಿಲ್ಲಿಸಿ. ಸಂಪುಟಗಳನ್ನು ಬಿಗಿಯಾಗಿ ತುರುಕಬೇಡಿ, ಪ್ಲಾಸ್ಟಿಕ್ ಹೊದಿಕೆಯನ್ನಂತೂ ಹಾಕಲೇಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸದೆ, ಪುಸ್ತಕವನ್ನು ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಮೃದುವಾದ ಬ್ರಷ್ಷಿನಿಂದ ಉದುರಿಸಿ. ಬಿಸಿಲಿಗೆ ಹರಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಸುಡುಬಿಸಿಲು ರಟ್ಟಿನ ಬಣ್ಣವನ್ನು ಕೆಡಿಸಿ ಕಾಗದವನ್ನು ಗರಿಗರಿಯಾಗಿಸುತ್ತದೆ.

ಸಂಪುಟವನ್ನು ಹೊರತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯಬಾರದು. ಅಕ್ಕಪಕ್ಕದ ಪುಸ್ತಕಗಳನ್ನು ತುಸು ಹಿಂದಕ್ಕೆ ತಳ್ಳಿ, ಬೆನ್ನಿನ ನಡುಭಾಗವನ್ನು ಹಿಡಿಯಬೇಕು. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ.

ಇಷ್ಟೆಲ್ಲ ಮಾಡುವುದು ಓದುವುದಕ್ಕಾಗಿ. ಮೊದಲ ಸಂಪುಟದಿಂದ ಸಾಲಾಗಿ ಹೊರಟವರು ನಡುವೆಯೇ ಕೈಬಿಡುವ ಸಾಧ್ಯತೆ ಹೆಚ್ಚು, ಏಕೆಂದರೆ ಈ ಜೋಡಣೆ ಕಾಲಾನುಕ್ರಮದಲ್ಲಿಲ್ಲ: ಹದಿನೆಂಟನೆಯ ಶತಮಾನದ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 10ರಲ್ಲಿ, ಹತ್ತೊಂಬತ್ತನೆಯ ಶತಮಾನದ ಡಾರ್ವಿನ್ 11ರಲ್ಲಿ, ಪ್ರಾಚೀನ ಗ್ರೀಸಿನ ಈಸೋಪನ ಕಥೆಗಳು 17ರಲ್ಲಿ ಇವೆ. ಕನ್ನಡದ ಓದುಗರು 45ನೆಯ ಸಂಪುಟದಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದರಲ್ಲಿ ಎಡ್ವಿನ್ ಆರ್ನಾಲ್ಡ್ ಅನುವಾದಿಸಿದ ಭಗವದ್ಗೀತೆಯಿದೆ. ತಿಳಿದ ಶ್ಲೋಕಗಳು ಇಂಗ್ಲಿಷಿನಲ್ಲಿ ಎಲ್ಲಿ ಅರಳಿವೆ, ಎಲ್ಲಿ ಸೊರಗಿವೆ ಎಂದು ನೀವೇ ಅಳೆಯಬಹುದು, ಆ ಹಳೆಯ ಇಂಗ್ಲಿಷಿನ ನಡಿಗೆಗೂ ಕಿವಿ ಒಗ್ಗುತ್ತದೆ. ಅಲ್ಲಿಂದ ಮುಂದೆ, ಮನಸ್ಸು ಹಿಡಿದ ಒಂದು ವಿಷಯವನ್ನು 50ನೆಯ ಸಂಪುಟದ ಸೂಚಿಯಲ್ಲಿ ಹುಡುಕಿ, ಅದು ತೋರಿಸಿದ ಪುಟಕ್ಕೆ ಹೋಗಿ. ಮಳೆಗಾಲದಲ್ಲಿ ಓದದ ಸಂಪುಟಗಳನ್ನೂ ವಾರಕ್ಕೆ ನಾಲ್ಕೈದರಂತೆ ತೆಗೆದು, ಹಾಳೆಗಳನ್ನು ಮೆಲ್ಲನೆ ತಿರುವಿ ಗಾಳಿಯಾಡಿಸಿದರೆ, ಬೂಷ್ಟಿನ ಮೊದಲ ಚುಕ್ಕೆಯೂ ಕಣ್ಣಿಗೆ ಬೀಳುತ್ತದೆ.